ಚಿಲ್ಲರೆ ನೋವಿನ ಲೆಕ್ಕ

ನಮ್ಮವ್ವ ಅಂಗಡಿಗೆ ಹೋಗುವಾಗ ಯಾವತ್ತೂ ಸರಿಯಾದ ಚಿಲ್ಲರೆಯನ್ನೇ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಸೀಮೆಎಣ್ಣೆಗೆ ಇಷ್ಟು, ಬೆಂಕಿಪೊಟ್ಟಣಕ್ಕೆ ಇಷ್ಟು, ಎಲೆ ಅಡಿಕೆಗೆ ಇಷ್ಟು ಅಂತ ಮನೆಯಲ್ಲೇ ಲೆಕ್ಕ ಹಾಕಿ, ಬಿಡಿ ಕಾಸು ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ನೋಟು ಬದಲಾಯಿಸಿಕೊಂಡು ಹೊರಡುತ್ತಿದ್ದಳು. ಇದು ಅವಳ ಅಚ್ಚುಕಟ್ಟು ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಹೈಸ್ಕೂಲಿಗೆ ಸೇರಿದ ವರ್ಷ ಒಂದು ದಿನ ಐದು ರೂಪಾಯಿ ನೋಟು ಹಿಡಿದುಕೊಂಡು ನಾನೇ ಹೋದೆ. ಅಂಗಡಿ ಸಾವ್ಕಾರ್ರು ಉಳಿದ ಚಿಲ್ಲರೆಯನ್ನು ನನ್ನ ಅಂಗೈಗೆ ಒಂದು ಗೇಣು ಮೇಲಿನಿಂದ ಬಿಟ್ಟರು. ಒಂದು ನಾಣ್ಯ ಬೆರಳಿಗೆ ತಾಗಿ ಚಿಮ್ಮಿ, ಮೆಟ್ಟಿಲ ಮೇಲೆ ಬಿದ್ದು, ಉರುಳಿಕೊಂಡು ಮೋರಿ ಪಕ್ಕಕ್ಕೆ ಹೋಯಿತು. ಬಗ್ಗಿ ಎತ್ತಿಕೊಂಡೆ. ನನ್ನ ಹಿಂದೆ ನಿಂತಿದ್ದವನು ನನ್ನ ಕ್ಲಾಸಿನವನೇ. ಅವನ ಚಿಲ್ಲರೆಯನ್ನು ಅವರು ಅವನ ಕೈಯಲ್ಲಿಟ್ಟರು.

ಮನೆಗೆ ಬಂದು ಹೇಳಿದರೆ ಅವ್ವ ಒಲೆ ಮುಂದಿನಿಂದ ಎದ್ದೇಳಲೂ ಇಲ್ಲ. "ಚಿಲ್ರೆ ವಿಸ್ಯಕ್ಕೆಲ್ಲ ಯಾಕ್ ಮಗ ತಲೆ ಕೆಡಿಸ್ಕತೀಯ? ಕಾಸು ಸರಿಯಾಗದಾ ನೋಡ್ಕ, ಅಷ್ಟೆಯ" ಅಂದಳು. ಕಾಸು ಸರಿಯಾಗಿತ್ತು. ಒಂದು ಪೈಸೆಯೂ ನಷ್ಟವಾಗಿರಲಿಲ್ಲ. ಮೈಗೆ ಪೆಟ್ಟು ಬಿದ್ದಿರಲಿಲ್ಲ. ಸಾವ್ಕಾರ್ರು ಬೈದಿರಲಿಲ್ಲ, ಅವತ್ತು ಅವರು 'ಚೆನ್ನಾಗಿ ಓದ್ತಾ ಇದ್ದೀಯೇನೋ' ಅಂತ ಕೇಳಿದ್ದರು ಕೂಡ. ಹಾಗಾದರೆ ಆದದ್ದೇನು? ಒಂದು ಗೇಣು ಗಾಳಿ. ಇಷ್ಟು ಗಾಳಿಗೆ ನೀತಿಯ ತಕ್ಕಡಿಯಲ್ಲಿ ಏನಾದರೂ ತೂಕ ಇದೆಯೇ, ಇದ್ದರೆ ಅದನ್ನು ತೂಗುವುದು ಹೇಗೆ ಎಂಬುದು ಈ ಲೇಖನದ ಪ್ರಶ್ನೆ. ಕೊಲೆ, ಬೆಂಕಿ, ಬಹಿಷ್ಕಾರಗಳ ಬಗ್ಗೆ ಬರೆಯಬೇಕಾದ ಜಾಗದಲ್ಲಿ ಇದನ್ನೇಕೆ ತಂದ ಅಂತ ಕೆಲವು ಗೆಳೆಯರಿಗೆ ಅನ್ನಿಸಬಹುದು. ಆ ಆಕ್ಷೇಪಣೆಗೆ ಮುಂದೆ ಬರುತ್ತೇನೆ. ಅದು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ.

ಕನ್ನಡದಲ್ಲಿ ಚಿಲ್ಲರೆ ಅಂದರೆ ಬಿಡಿ ಕಾಸು, ಚಿಲ್ಲರೆ ಅಂದರೆ ಲೆಕ್ಕಕ್ಕೆ ಬಾರದ ಕ್ಷುಲ್ಲಕ ಸಂಗತಿ. ಎರಡೂ ಒಂದೇ ಮಾತು. ಆದರೆ ಬಿಡಿ ಕಾಸಿನ ವಿಷಯದಲ್ಲಿ ಯಾವ ಅಂಗಡಿಯವನೂ ಮೋಸ ಹೋಗುವುದಿಲ್ಲ. ನೂರು ಪೈಸೆ ಸೇರಿದರೆ ಒಂದು ರೂಪಾಯಿ ಎಂಬುದು ಅವನಿಗೆ ಗೊತ್ತು. ನೋವಿನ ವಿಷಯಕ್ಕೆ ಬಂದಾಗ ಮಾತ್ರ ಈ ಕೂಡುವ ಲೆಕ್ಕ ಎಲ್ಲರಿಗೂ ಮರೆತುಹೋಗುತ್ತದೆ.

ಮೊದಲು ಕಾನೂನು ಏನನ್ನುತ್ತದೆ ನೋಡೋಣ. 1860ರ ಭಾರತೀಯ ದಂಡಸಂಹಿತೆಯಲ್ಲಿ 95ನೇ ಕಲಮು ಅಂತ ಒಂದಿತ್ತು. ಸಾಮಾನ್ಯ ತಿಳುವಳಿಕೆ, ಸಾಮಾನ್ಯ ಸ್ವಭಾವದ ಯಾವ ಮನುಷ್ಯನೂ ದೂರಲಾರದಷ್ಟು ಅಲ್ಪವಾದ ಹಾನಿ ಅಪರಾಧವಲ್ಲ ಎಂಬುದು ಅದರ ಸಾರಾಂಶ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರ 33ನೇ ಕಲಮಿನಲ್ಲಿ ಇದೇ ಮಾತು ಉಳಿದುಕೊಂಡಿದೆ. ನಿಯಮ ಕೆಟ್ಟದ್ದೇನಲ್ಲ. ಮೆಕಾಲೆಯ ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿದಾಗ ಕೊಟ್ಟ ಉದಾಹರಣೆಗಳು ಸೊಗಸಾಗಿವೆ. ಇನ್ನೊಬ್ಬನ ಮಸಿಕುಡಿಕೆಯಲ್ಲಿ ಲೇಖನಿ ಅದ್ದಿದರೆ ವ್ಯಾಖ್ಯೆಯ ಪ್ರಕಾರ ಅದು ಕಳ್ಳತನ. ಕುದುರೆ ಮೇಲೆ ಹೋಗುವವನು ದಾರಿಯಲ್ಲಿದ್ದವನ ಮೇಲೆ ಧೂಳೆಬ್ಬಿಸಿದರೆ ಹಲ್ಲೆ. ಗಾಡಿ ಹತ್ತುವಾಗ ಮೈ ಒತ್ತಿದರೆ ನೋವುಂಟುಮಾಡಿದ ಅಪರಾಧ. ಇವಕ್ಕೆಲ್ಲ ಜೈಲಿಗೆ ಹಾಕುತ್ತಾ ಹೋದರೆ ಹೊರಗೆ ಉಳಿಯುವವರು ಯಾರು? ಅದಕ್ಕೇ ಅಲ್ಪ ಹಾನಿಗೆ ವಿನಾಯಿತಿ.

ಈ ಉದಾಹರಣೆಗಳನ್ನು ಒಂದು ಸಲ ನಮ್ಮೂರಿನ ಬೀದಿಗೆ ತಂದು ಓದಿ. ಕುದುರೆ ಯಾರದು, ಧೂಳು ಕುಡಿಯುವವರು ಯಾರು? ಮೈ ಒತ್ತುವುದು ಮೆಕಾಲೆಗೆ ಏನೂ ಅಲ್ಲದ ಹಾನಿಯಾಗಿ ಕಂಡಿತು. ಅದೇ ಹೊತ್ತಿನಲ್ಲಿ ಈ ನಾಡಿನ ತುಂಬ, ಕೆಲವರ ಮೈ ತಾಗುವುದು ಇರಲಿ, ನೆರಳು ತಾಗಿದ್ದಕ್ಕೇ ಸ್ನಾನ ಮಾಡುತ್ತಿದ್ದರು, ತಾಗಿಸಿದವನನ್ನು ಬಡಿಯುತ್ತಿದ್ದರು. 'ಸಾಮಾನ್ಯ ಸ್ವಭಾವದ ಮನುಷ್ಯ' ಎಂದು ಬರೆದವರಿಗೆ ಈ ಮನುಷ್ಯ ಊರಿನವನೋ ಕೇರಿಯವನೋ ಎಂಬ ಪ್ರಶ್ನೆ ಹುಟ್ಟಲೇ ಇಲ್ಲ. ಇನ್ನೊಂದು ತೊಡಕೂ ಇದೆ. ನಮ್ಮವ್ವ ಸಾಮಾನ್ಯ ತಿಳುವಳಿಕೆಯ ಹೆಂಗಸೇ. ಅವಳು ದೂರಲಿಲ್ಲ. ಹಾಗಾದರೆ ಹಾನಿ ಅಲ್ಪವಾಗಿತ್ತು ಅಂತ ಸಾಬೀತಾಯಿತೇ? ಅದೇ ಅಂಗಡಿಯಲ್ಲಿ ಹಬ್ಬದ ಬೆಲ್ಲ ಸಾಲ ತರಬೇಕು, ಅವರದೇ ಗದ್ದೆಗೆ ನಾಟಿ ಹಾಕಲು ಹೋಗಬೇಕು. ದೂರದೆ ಇರುವುದಕ್ಕೆ ಇಷ್ಟು ಕಾರಣಗಳಿರುವಾಗ ಆ ಮೌನವನ್ನೇ ಅಳತೆಗೋಲು ಮಾಡಿಕೊಳ್ಳುವುದು ಎಂಥ ನ್ಯಾಯ?

ಇದಕ್ಕೆ ಕಾನೂನಿನಲ್ಲಿ ತಿದ್ದುಪಡಿಗಳು ಬಂದಿವೆ ಎಂಬುದು ನಿಜ. ಸಂವಿಧಾನದ 17ನೇ ವಿಧಿ, 1955ರ ಅಸ್ಪೃಶ್ಯತಾ ಅಪರಾಧ ಕಾಯಿದೆ (1976ರ ನಂತರ ಅದು ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆಯಾಯಿತು), 1989ರ ದೌರ್ಜನ್ಯ ತಡೆ ಕಾಯಿದೆ. ಆದರೂ ಕಡೆಯದರಲ್ಲಿ ನಿಂದನೆಗೆ ಸಂಬಂಧಿಸಿದ ಕಲಮು, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು ಅನ್ನುತ್ತದೆ. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಗಳ ಒಳಗೆ ಆಡಿದ ಮಾತಿಗೆ ಆ ಕಲಮು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಶಾಸನದ ಮಾತನ್ನು ಹಿಡಿದು ನೋಡಿದರೆ ತೀರ್ಪಿಗೆ ಆಧಾರವಿದೆ. ನಾನು ಹೇಳುತ್ತಿರುವುದು ಬೇರೆ. ಬೇರೆಯವರು ನೋಡದ ನೋವು ಅರ್ಧ ನೋವು ಎಂಬ ಗ್ರಹಿಕೆ ನಮ್ಮ ಒಳ್ಳೆಯ ಕಾನೂನುಗಳ ಒಳಗೂ ಕೂತಿದೆ.

ಇನ್ನು ತತ್ವಶಾಸ್ತ್ರಕ್ಕೆ. ಇಂಗ್ಲೆಂಡಿನ ಚಿಂತಕ ಜೊನಾಥನ್ ಗ್ಲೋವರ್ 1975ರಲ್ಲಿ ಒಂದು ಕತೆ ಕಟ್ಟಿದ. ಒಂದು ಹಳ್ಳಿಯಲ್ಲಿ ನೂರು ಜನ ಮಧ್ಯಾಹ್ನದ ಊಟಕ್ಕೆ ಕೂತಿದ್ದಾರೆ. ಪ್ರತಿಯೊಬ್ಬರ ತಟ್ಟೆಯಲ್ಲೂ ನೂರು ಕಾಳು. ನೂರು ಜನ ದರೋಡೆಕೋರರು ನುಗ್ಗಿ ತಲೆಗೊಂದು ತಟ್ಟೆ ಕಿತ್ತುಕೊಂಡು ತಿಂದು ಹೋಗುತ್ತಾರೆ. ಒಬ್ಬೊಬ್ಬನೂ ಒಬ್ಬನನ್ನು ಉಪವಾಸ ಕೆಡವಿದ. ಮುಂದಿನ ವಾರ ಅವರಲ್ಲಿ ಕೆಲವರಿಗೆ ಪಾಪಪ್ರಜ್ಞೆ ಕಾಡುತ್ತದೆ. ಒಬ್ಬ ಜಾಣ ಉಪಾಯ ಹೇಳುತ್ತಾನೆ. ಈ ಸಲ ನಾವು ಒಬ್ಬೊಬ್ಬರೂ ಪ್ರತಿ ತಟ್ಟೆಯಿಂದ ಒಂದೇ ಒಂದು ಕಾಳು ತೆಗೆಯೋಣ. ಒಂದು ಕಾಳು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗೇ ಮಾಡುತ್ತಾರೆ. ನೂರು ತಟ್ಟೆಯೂ ಖಾಲಿ, ನೂರು ಜನವೂ ಉಪವಾಸ, ಆದರೆ ಪ್ರತಿಯೊಬ್ಬ ದರೋಡೆಕೋರನೂ 'ನಾನು ಯಾರಿಗೂ ತಿಳಿಯುವಂಥ ಅನ್ಯಾಯ ಮಾಡಿಲ್ಲ' ಅಂತ ಎದೆ ತಟ್ಟಿಕೊಂಡು ಹೇಳಬಲ್ಲ. ಡೆರೆಕ್ ಪಾರ್ಫಿಟ್ 1984ರಲ್ಲಿ ಇದನ್ನು ಇನ್ನೂ ಕ್ರೂರವಾಗಿ ಬೆಳೆಸಿದ. ಸಾವಿರ ಜನ ಹಿಂಸಕರು, ಸಾವಿರ ಜನ ಬಲಿಗಳು. ಒಬ್ಬೊಬ್ಬನೂ ಒತ್ತುವ ಗುಂಡಿಯಿಂದ ಪ್ರತಿ ಬಲಿಯ ನೋವು ಅವನಿಗೇ ತಿಳಿಯದಷ್ಟು ಮಾತ್ರ ಏರುತ್ತದೆ. ಸಾವಿರ ಗುಂಡಿ ಒತ್ತಿದ ಮೇಲೆ ಎಲ್ಲರೂ ಚೀರುತ್ತಿರುತ್ತಾರೆ. ಹಿಂಸೆ ಮಾಡಿದವರು ಯಾರು ಅಂದರೆ ಯಾರೂ ಇಲ್ಲ.

ಪಾರ್ಫಿಟ್‌ನ ಉತ್ತರ ನೇರವಾದದ್ದು. ನನ್ನ ಕೆಲಸ ಒಂದರಿಂದಲೇ ಯಾರಿಗೂ ಗೊತ್ತಾಗುವಷ್ಟು ಹಾನಿಯಾಗದೆ ಇರಬಹುದು. ಆದರೂ ನಾವೆಲ್ಲರೂ ಸೇರಿ ಮಾಡುವ ಹಾನಿಯ ಒಂದು ಭಾಗ ಅದಾಗಿದ್ದರೆ ಅದು ತಪ್ಪೇ. ಶೆಲ್ಲಿ ಕೇಗನ್ ಎಂಬಾತ 2011ರಲ್ಲಿ ಬೇರೆ ದಾರಿ ಹಿಡಿದ. ಕೊನೆಯಲ್ಲಿ ನೋವು ಗೊತ್ತಾಗುತ್ತದೆ ಅಂದ ಮೇಲೆ ಮಧ್ಯೆ ಯಾವುದೋ ಒಂದು ಹೆಜ್ಜೆಯಲ್ಲಿ ಅದು ಗೊತ್ತಾಗಿರಲೇಬೇಕು, ಆ ಹೆಜ್ಜೆ ನನ್ನದೇ ಆಗಿರಬಹುದಲ್ಲ ಅಂತ. ಇದು ಹಳೆಯ ಗ್ರೀಕರ ರಾಶಿಯ ಒಗಟೇ. ಒಂದು ಕಾಳು ರಾಶಿಯಲ್ಲ, ಎರಡು ಕಾಳೂ ಅಲ್ಲ, ಹಾಗಾದರೆ ರಾಶಿ ಆಗುವುದು ಯಾವಾಗ? ಕಣ ಮಾಡಿದವರು ಈ ಒಗಟಿಗೆ ನಗುತ್ತಾರೆ. ರಾಶಿ ಯಾರ ಮನೆಗೆ ಹೋಯಿತು ಎಂಬುದೇ ಅವರ ಪ್ರಶ್ನೆ.

ಈ ಚಿಂತಕರಿಂದ ನಾವು ಕಲಿಯಬೇಕಾದ್ದು ಇದೆ. ಹಾನಿಯನ್ನು ಒಬ್ಬೊಬ್ಬನ ತಲೆಗೆ ಹಂಚಿ, ಹಂಚಿದ್ದು ಸಣ್ಣದಾದಾಗ ಸೊನ್ನೆ ಮಾಡುವುದು ಸುಳ್ಳು ಲೆಕ್ಕ ಎಂದು ಅವರು ತೋರಿಸಿದರು. ಆದರೆ ಅವರ ಕತೆಗಳನ್ನು ಕೇರಿಗೆ ಹೊತ್ತು ತಂದಾಗ ಎರಡು ಕಡೆ ಅಳತೆ ಸರಿಹೊಂದುವುದಿಲ್ಲ. ಗ್ಲೋವರ್‌ನ ದರೋಡೆಕೋರರು ಕೂತು ಮಾತಾಡಿ ಉಪಾಯ ಮಾಡಿದರು. ಜಾತಿಗೆ ಸಭೆ ಬೇಕಿಲ್ಲ. ಸಾವ್ಕಾರ್ರಿಗೆ ಗೇಣು ಮೇಲಿನಿಂದ ಬಿಡು ಅಂತ ಅವತ್ತು ಬೆಳಿಗ್ಗೆ ಯಾರೂ ಹೇಳಿರಲಿಲ್ಲ. ಅವರ ಕೈಗೆ ಅದು ಗೊತ್ತಿತ್ತು, ಅವರಿಗೇ ಗೊತ್ತಿರಲಿಲ್ಲವೇನೋ. ಎರಡನೆಯದು ಇನ್ನೂ ಮುಖ್ಯ. ಕಾಳಿಗೆ ಅರ್ಥವಿಲ್ಲ. ಒಂದು ಕಾಳು ಹೋದದ್ದಕ್ಕೂ ಹತ್ತು ಕಾಳು ಹೋದದ್ದಕ್ಕೂ ಎಣಿಕೆಯ ವ್ಯತ್ಯಾಸ ಅಷ್ಟೇ. ಮೇಲಿನಿಂದ ಬಿದ್ದ ನಾಣ್ಯ ಹಾಗಲ್ಲ. ಅದು ಒಂದು ವಾಕ್ಯ. ಕೈ ನಡುಗುವ ಮುದುಕರೊಬ್ಬರು ನಾಣ್ಯ ಬೀಳಿಸಿದರೆ ಯಾರಿಗೂ ನೋವಾಗುವುದಿಲ್ಲ, ಎತ್ತರ ಅದೇ ಒಂದು ಗೇಣು. ಹಾಗಾಗಿ ತೂಕ ಇರುವುದು ಎತ್ತರದಲ್ಲಲ್ಲ.

'ಗೊತ್ತಾಗದಷ್ಟು ಸಣ್ಣ ಹಾನಿ' ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡಿ. ಕನ್ನಡದಲ್ಲಿ ಗೊತ್ತಾಗುವುದು ಯಾರಿಗಾದರೂ ಗೊತ್ತಾಗಬೇಕು. ನನಗೆ, ನಿನಗೆ, ಅವರಿಗೆ ಅಂತ ಚತುರ್ಥಿ ಹಚ್ಚದೆ ಆ ಕ್ರಿಯಾಪದಕ್ಕೆ ಕಾಲೇ ಇಲ್ಲ. ಆದರೆ ನಾವು 'ಗೊತ್ತಾಗದ ಹಾನಿ' ಅಂದುಬಿಟ್ಟಾಗ ಆ 'ಯಾರಿಗೆ' ಸದ್ದಿಲ್ಲದೆ ಬಿದ್ದುಹೋಗುತ್ತದೆ. ಸಾವ್ಕಾರ್ರಿಗೆ ಗೊತ್ತಾಗಲಿಲ್ಲ, ಹಿಂದೆ ನಿಂತಿದ್ದ ಹುಡುಗನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ನಮ್ಮವ್ವನಿಗೆ ಎಷ್ಟು ಗೊತ್ತಿತ್ತೆಂದರೆ ಅವಳು ತನ್ನ ದಿನಚರಿಯನ್ನೇ ಅದರ ಸುತ್ತ ಹೊಂದಿಸಿಕೊಂಡಿದ್ದಳು. ಹಾನಿಯ ಅಳತೆ ಇರುವುದು ಇಲ್ಲಿ ಅಂತ ನನ್ನ ವಾದ. ಅಂಗಡಿಯಲ್ಲಿ ಕಳೆದ ಅರೆಗಳಿಗೆ ಅಲ್ಲ, ಅದನ್ನು ತಪ್ಪಿಸಿಕೊಳ್ಳಲು ಮನೆಯಲ್ಲಿ ಹಾಕಿದ ಲೆಕ್ಕ, ಪಕ್ಕದ ಮನೆಗೆ ಎಡತಾಕಿದ್ದು, ಮಗನಿಗೆ ಇದು ಗೊತ್ತಾಗದಿರಲಿ ಅಂತ ಅಂಗಡಿಗೆ ತಾನೇ ಹೋಗುತ್ತಿದ್ದದ್ದು. ಅಮೆರಿಕದ ಕಪ್ಪು ಮನೋವೈದ್ಯ ಚೆಸ್ಟರ್ ಪಿಯರ್ಸ್ 1970ರಲ್ಲಿ ಇಂಥವಕ್ಕೆ 'ಸೂಕ್ಷ್ಮ ಆಕ್ರಮಣ' ಎಂಬ ಅರ್ಥ ಬರುವ ಹೆಸರು ಕೊಟ್ಟ. ಹೆಸರು ಈಗ ಕಾಲೇಜುಗಳಲ್ಲಿ ಬಹಳ ಓಡಾಡುತ್ತಿದೆ. ನನಗೆ ಆ 'ಸೂಕ್ಷ್ಮ'ದ ಬಗ್ಗೆ ತಕರಾರಿದೆ. ಯಾರ ಕಣ್ಣಳತೆಯಲ್ಲಿ ಸೂಕ್ಷ್ಮ?

ಜಾತಿ ವ್ಯವಸ್ಥೆ ಸಣ್ಣದನ್ನು ಗಮನಿಸದ ವ್ಯವಸ್ಥೆ ಅಂತ ಯಾರಾದರೂ ತಿಳಿದಿದ್ದರೆ ಅದು ಭ್ರಮೆ. ಜಗತ್ತಿನಲ್ಲಿ ಇಷ್ಟು ಸಣ್ಣ ಸಂಗತಿಗೆ ಇಷ್ಟು ತೂಕ ಕೊಟ್ಟ ವ್ಯವಸ್ಥೆ ಬಹುಶಃ ಮತ್ತೊಂದಿಲ್ಲ. ನೆರಳಿಗೆ ತೂಕವಿಲ್ಲ, ಅದರಿಂದ ಯಾರ ಮೈಯೂ ಸವೆಯುವುದಿಲ್ಲ. ಆದರೂ ಅದಕ್ಕೆ ಮಡಿ, ಪ್ರಾಯಶ್ಚಿತ್ತ, ದಂಡ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯಲ್ಲಿ ಬಾಬಾಸಾಹೇಬರು ಮತ್ತು ಅವರ ಜೊತೆಗಾರರು ಕುಡಿದದ್ದು ಬೊಗಸೆ ನೀರು. ಆ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ದನ ಕುಡಿಯುತ್ತಿದ್ದ ಕೆರೆ. ಬೊಗಸೆ ನೀರು ಕಡಿಮೆಯಾದದ್ದು ಯಾರಿಗೆ ಗೊತ್ತಾಗಬೇಕು? ಆದರೆ ಅದಕ್ಕೆ ಏಟುಗಳು ಬಿದ್ದವು, ಕೆರೆಗೆ 108 ಕೊಡ ಪಂಚಗವ್ಯ ಸುರಿದು ಶುದ್ಧಿ ಮಾಡಿದರು, ಅದೇ ಡಿಸೆಂಬರಿನಲ್ಲಿ ಕೋರ್ಟಿಗೆ ದಾವೆ ಹಾಕಿದರು. ಬೊಂಬಾಯಿ ಹೈಕೋರ್ಟಿನಲ್ಲಿ ಅಸ್ಪೃಶ್ಯರ ಪರ ತೀರ್ಮಾನವಾಗಿದ್ದು 1937ರಲ್ಲಿ. ಒಂದು ಬೊಗಸೆಗೆ ಹತ್ತು ವರ್ಷ. ಅವತ್ತು ಯಾರೂ 'ಅಷ್ಟಕ್ಕೆಲ್ಲ ಯಾಕೆ, ಬಿಡಿ' ಅನ್ನಲಿಲ್ಲ.

ನಮ್ಮಲ್ಲೇ ಇನ್ನೊಂದು ನಿದರ್ಶನ ಇದೆ. 1973ರ ನವೆಂಬರಿನಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ 'ಬೂಸಾ' ಎಂಬ ಒಂದು ಮಾತು ಬಳಸಿದರು. ಎರಡಕ್ಷರದ ಮಾತು. ಬೀದಿಗಳು ಹೊತ್ತಿ ಉರಿದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿಗಿರಿಯೇ ಹೋಯಿತು. ಆ ಮಾತು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಎರಡಕ್ಷರದಿಂದ ಒಂದು ಭಾಷಿಕ ಸಮುದಾಯಕ್ಕೆ ಇಷ್ಟು ನೋವಾಗಬಹುದಾದರೆ, ದಿನಕ್ಕೆ ಹತ್ತು ಸಲ ಜಾತಿಯ ಹೆಸರನ್ನೇ ಬೈಗುಳವಾಗಿ ಕೇಳಿಸಿಕೊಳ್ಳುವವರ ಸಂಗತಿ ಮಾತ್ರ ಚಿಲ್ಲರೆ ಹೇಗಾಯಿತು? ಅಂದರೆ ತಕ್ಕಡಿ ಎರಡಿವೆ. ಮೇಲಿನವರಿಗೆ ತಾಗುವ ನೆರಳನ್ನು ತೂಗುವುದು ಚಿನ್ನದ ತಕ್ಕಡಿಯಲ್ಲಿ, ಗುಲಗಂಜಿ ತೂಕವೂ ತಪ್ಪುವುದಿಲ್ಲ. ಕೆಳಗಿನವರಿಗೆ ಬೀಳುವುದನ್ನು ತೂಗುವುದು ಸೌದೆ ಡಿಪೋದ ತಕ್ಕಡಿಯಲ್ಲಿ. ಮಣಕ್ಕಿಂತ ಕಡಿಮೆಯಿದ್ದರೆ ಮುಳ್ಳೇ ಅಲ್ಲಾಡುವುದಿಲ್ಲ. ಸಣ್ಣ ಹಾನಿಗೆ ನೈತಿಕ ತೂಕ ಇದೆಯೇ ಎಂಬ ಪ್ರಶ್ನೆಗೆ ಜಾತಿ ಯಾವತ್ತೋ ಇದೆ ಎಂದು ಉತ್ತರ ಕೊಟ್ಟಾಗಿದೆ. ನಾವು ಕೇಳುತ್ತಿರುವುದು ಅದೇ ತಕ್ಕಡಿಯನ್ನು ಇತ್ತ ಕಡೆಗೂ ತನ್ನಿ ಅಂತ ಅಷ್ಟೇ.

ಈಗ ಗೆಳೆಯರ ಆಕ್ಷೇಪಣೆ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇಂಥ ನಾಡಿನಲ್ಲಿ ಕೂತು ನಾಣ್ಯ ಎಷ್ಟು ಎತ್ತರದಿಂದ ಬಿತ್ತು ಅಂತ ಅಳೆಯುವುದು ಪಟ್ಟಣ ಸೇರಿದ ದಲಿತ ಮಧ್ಯಮ ವರ್ಗದ ಚಪಲವಲ್ಲವೇ ಎಂದು ಸಂಘಟನೆಯ ಹಿರಿಯರೊಬ್ಬರು ನನ್ನನ್ನು ಕೇಳಿದ್ದಾರೆ. ಈ ಪ್ರಶ್ನೆಯಲ್ಲಿ ಅರ್ಧ ಸತ್ಯ ಇದೆ. ನಮ್ಮ ಗಾಯಗಳನ್ನು ನಾವೇ ಭೂತಗನ್ನಡಿ ಹಿಡಿದು ನೋಡುತ್ತಾ ಕೂತರೆ ಭೂಮಿ, ಕೂಲಿ, ಹಾಸ್ಟೆಲ್ಲಿನ ಪ್ರಶ್ನೆಗಳು ಹಿಂದೆ ಬೀಳುತ್ತವೆ. ಯಾವ ಹೋರಾಟಕ್ಕೂ ಮೊದಲು ಯಾವುದು ಎಂಬ ಆಯ್ಕೆ ಮಾಡಬೇಕಾಗುತ್ತದೆ. ಅದನ್ನು ಒಪ್ಪುತ್ತೇನೆ.

ಆದರೆ ದೊಡ್ಡದು ಮತ್ತು ಸಣ್ಣದು ಬೇರೆ ಬೇರೆ ಊರಿನವಲ್ಲ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಮೇಲೆ ಹಲ್ಲೆ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಆಮೇಲೆ ಮೇಲ್ಮನವಿಗೆ ಹೋಯಿತು. ಆ ಊರಿನ ಜಗಳದ ಬೇರು ಎಲ್ಲಿತ್ತು? ಕ್ಷೌರದ ಅಂಗಡಿಗೆ, ಹೋಟೆಲಿಗೆ ದಲಿತರನ್ನು ಸೇರಿಸದ್ದರಲ್ಲಿ. ಕೂದಲು ಮತ್ತು ಚಹಾ. ಬೇರೆ ಊರಿಗೆ ಹೋಗಿ ಕೂದಲು ಕತ್ತರಿಸಿಕೊಂಡು ಬಂದರೆ ಏನು ಮಹಾ ನಷ್ಟ ಅಂತ ಯಾರಾದರೂ ಕೇಳಿರುತ್ತಾರೆ. ನಷ್ಟ ಬಸ್ ಚಾರ್ಜು ಅಷ್ಟೇ. ಆದರೆ ಆ ಚಹಾದ ಲೋಟ ಅಲ್ಲೇ ಇರಬೇಕು ಎಂಬ ಹಟಕ್ಕೂ ಗುಡಿಸಲಿಗೆ ಬಿದ್ದ ಬೆಂಕಿಗೂ ನಡುವೆ ಗೋಡೆ ಇಲ್ಲ. ದಿನಾ ಒಂದಿಷ್ಟು ಒಂದಿಷ್ಟು ಅಂತ ಊರಿಗೆ ಅಭ್ಯಾಸ ಮಾಡಿಸುವುದು ಈ ಚಿಲ್ಲರೆಯೇ. ಇಂತಿಂಥವರ ಕೈ ಮುಟ್ಟಬಾರದು ಅಂತ ಹತ್ತು ಸಾವಿರ ಸಲ ಕಲಿತ ಕೈಗೆ ಬೆಂಕಿಕಡ್ಡಿ ಗೀರುವುದು ಹೊಸ ವಿದ್ಯೆಯಲ್ಲ.

ಇಲ್ಲಿ ಕಾನೂನಿನದೇ ಇನ್ನೊಂದು ಕಲಮು ನೆನಪಾಗುತ್ತದೆ. ಅದೇ 1860ರ ಸಂಹಿತೆಯ 149. ಈಗಿನದರಲ್ಲಿ 190. ಐದು ಅಥವಾ ಹೆಚ್ಚು ಜನ ಒಂದೇ ಉದ್ದೇಶದಿಂದ ಅಕ್ರಮವಾಗಿ ಕೂಡಿ, ಆ ಉದ್ದೇಶಕ್ಕಾಗಿ ಒಬ್ಬ ಅಪರಾಧ ಮಾಡಿದರೆ ಕೂಟದಲ್ಲಿದ್ದ ಪ್ರತಿಯೊಬ್ಬನೂ ಆ ಅಪರಾಧಕ್ಕೆ ಹೊಣೆ. ಯಾರ ದೊಣ್ಣೆಯ ಏಟಿಗೆ ಎಷ್ಟು ರಕ್ತ ಅಂತ ಕೋರ್ಟು ಹಂಚಿ ಅಳೆಯುವುದಿಲ್ಲ. ಪಾರ್ಫಿಟ್ ಪುಸ್ತಕ ಬರೆಯುವ ನೂರಿಪ್ಪತ್ತು ವರ್ಷ ಮೊದಲೇ ನಮ್ಮ ಸಂಹಿತೆ ಅವನ ಒಗಟನ್ನು ಒಂದು ಬಗೆಯಲ್ಲಿ ಬಿಡಿಸಿತ್ತು ಅನ್ನಬಹುದು. 95 ಒಬ್ಬೊಬ್ಬನನ್ನೂ ಬಿಡಿಬಿಡಿಯಾಗಿ ನೋಡಿ ಕ್ಷಮಿಸುತ್ತದೆ, 149 ಕೂಡಿಸಿ ನೋಡಿ ಹಿಡಿಯುತ್ತದೆ. ಜಾತಿ ಎಂಬುದು ಯಾವತ್ತೂ ಒಂದು ಜಾಗದಲ್ಲಿ ಸೇರಬೇಕಿಲ್ಲದ ಕೂಟ. ಹಾಗಾಗಿ ಅದು 149ಕ್ಕೆ ಸಿಗುವುದಿಲ್ಲ, 95ರ ಮರೆಯಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತದೆ. ಹಾಗಂತ ನಾಣ್ಯ ಬಿಟ್ಟವರನ್ನೆಲ್ಲ ಜೈಲಿಗೆ ಹಾಕಿ ಅಂತ ನಾನು ಹೇಳುತ್ತಿಲ್ಲ. ತಪ್ಪು ಎನ್ನುವುದು ಬೇರೆ, ಶಿಕ್ಷೆಗೆ ತಕ್ಕದ್ದು ಎನ್ನುವುದು ಬೇರೆ. ಪೊಲೀಸರು ಬರಬೇಕಾದಷ್ಟು ದೊಡ್ಡದಲ್ಲ ಎಂಬ ಮಾತನ್ನು ತಪ್ಪೇ ಅಲ್ಲ ಎಂಬ ಮಾತಾಗಿ ಜಾರಿಸುವುದು ನಮ್ಮ ಸಜ್ಜನರ ಹಳೆಯ ಕೈಚಳಕ.

ಇಷ್ಟು ಹೊತ್ತು ಹೇಳಿದ್ದು ತಿಂದವನಿಗಾದರೂ ಗೊತ್ತಾಗುವ ಹಾನಿ. ಯಾರಿಗೂ, ತಿಂದವನಿಗೂ ಗೊತ್ತಾಗದ ಹಾನಿ ಇದ್ದರೆ? ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4808 ಅರ್ಜಿಗಳನ್ನು ಕಳಿಸಿದರು. ಓದು, ಅನುಭವ ಸಮಸಮ. ಹೆಸರು ಮಾತ್ರ ಬೇರೆ. ಕೆಲವು ಮೇಲ್ಜಾತಿಯ ಹೆಸರು, ಕೆಲವು ದಲಿತ ಹೆಸರು, ಕೆಲವು ಮುಸ್ಲಿಂ ಹೆಸರು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಈ ಅರ್ಜಿಗಳನ್ನು ಪಕ್ಕಕ್ಕಿಟ್ಟ ಯಾವ ಕೈಯೂ ತಾನು ಅನ್ಯಾಯ ಮಾಡಿದೆ ಅಂತ ತಿಳಿದಿರಲಾರದು. ಇದೇ ಬಗೆಯಲ್ಲಿ ನಿಜವಾಗಿ ಅರ್ಜಿ ಹಾಕಿ ಕಾಯುವ ಹುಡುಗನಿಗೂ ಗೊತ್ತಾಗುವುದಿಲ್ಲ. ಬರದ ಕಾಗದವನ್ನು ಯಾರು ಎಣಿಸುತ್ತಾರೆ? ತನ್ನ ಇಂಗ್ಲಿಷು ಸಾಲದು ಅಂತ ಅವನು ಟ್ಯೂಷನ್‌ಗೆ ಸೇರುತ್ತಾನೆ. ಹಾನಿ ಅರ್ಥದಲ್ಲಿದೆ ಎಂದು ಮೇಲೆ ನಾನು ಹೇಳಿದ್ದು ಇಲ್ಲಿ ಸಾಲದಾಗುತ್ತದೆ. ಇಲ್ಲಿ ವಾಕ್ಯವೇ ಇಲ್ಲ, ಕೇಳಿಸಿಕೊಂಡವನೂ ಇಲ್ಲ, ಅವಮಾನವೂ ಆಗಿಲ್ಲ. ಬದುಕು ಮಾತ್ರ ಒಂದಿಷ್ಟು ಕಿರಿದಾಗಿದೆ. ಇದು ಪಾರ್ಫಿಟ್‌ನ ಗುಂಡಿ. ಇಂಥ ಹಾನಿಯನ್ನು ನೊಂದವರ ಅನುಭವದಿಂದ ಹಿಡಿಯಲಾಗದು, ಎಣಿಸಿಯೇ ಹಿಡಿಯಬೇಕು. ನಮ್ಮ ಬಳಗದಲ್ಲಿ ಅಂಕಿಸಂಖ್ಯೆ ಅಂದರೆ ಒಂದು ಥರದ ಅಸಡ್ಡೆ ಇದೆ, ಅನುಭವವೇ ಪ್ರಮಾಣ ಎಂಬ ಹೆಮ್ಮೆ ಇದೆ. ಅನುಭವವಾಗದಂತೆ ಮಾಡುವ ಅನ್ಯಾಯಕ್ಕೆ ಆ ಹೆಮ್ಮೆ ಏನೂ ಮಾಡಲಾರದು.

ವಿಮರ್ಶೆಯ ವಿಶೇಷಾಂಕವಾದ್ದರಿಂದ ಒಂದು ಮಾತು ಸಾಹಿತ್ಯಕ್ಕೆ. ದಲಿತ ಬರಹವನ್ನು ಆಕ್ರೋಶದ ಸಾಹಿತ್ಯ ಅಂತ ಕರೆದು ಕಪಾಟಿನಲ್ಲಿಟ್ಟ ವಿಮರ್ಶೆ ಅದರಲ್ಲಿ ದೊಡ್ಡ ಘಟನೆಗಳನ್ನೇ ಹುಡುಕಿತು. ಆದರೆ ದೇವನೂರರ 'ಒಡಲಾಳ'ದಲ್ಲಿ ಸಾಕವ್ವ ಹುಡುಕುವುದು ಕಳೆದುಹೋದ ಒಂದು ಹುಂಜವನ್ನು. ಮನೆಮಂದಿ ರಾತ್ರಿಯೆಲ್ಲ ಕೂತು ಕಡಲೆಕಾಯಿ ತಿನ್ನುತ್ತಾರೆ. ಒಂದು ಹುಂಜ, ಒಂದಿಷ್ಟು ಕಡಲೆಕಾಯಿ. ಊರಿನ ಲೆಕ್ಕದಲ್ಲಿ ಚಿಲ್ಲರೆ. ಆ ಮನೆಯ ಲೆಕ್ಕದಲ್ಲಿ ಏನು ಎಂಬುದನ್ನು ಓದುಗನ ಎದೆಗೆ ದಾಟಿಸುವುದೇ ಆ ಕೃತಿಯ ಶಕ್ತಿ. ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟರು. ಮೀಸಲಾತಿ ಪಡೆದವರನ್ನು ಕಾಲೇಜಿನ ಕಟ್ಟೆಯ ಮೇಲೆ ಕೂತು ನಗುತ್ತಾ ಆಡುವ ಮಾತು ಅದು. ತಮಾಷೆಗೆ ಅಂದೆ ಅಂತ ಆಡಿದವರು ಮರೆತಿರುತ್ತಾರೆ. ಪುಸ್ತಕದ ಮುಖಪುಟದ ಮೇಲೆ ಹತ್ತಿದಾಗ ಅದರ ತೂಕ ಎಲ್ಲರಿಗೂ ಕಾಣುತ್ತದೆ. ದಲಿತ ವಿಮರ್ಶೆ ಮಾಡಬೇಕಾದ ಒಂದು ಕೆಲಸ ಈ ತೂಕ ಹಾಕುವ ಕಣ್ಣನ್ನು ಬೆಳೆಸಿಕೊಳ್ಳುವುದು. ಸಾವು ಬಂದಾಗ ಮಾತ್ರ ಪುಟದ ಅಂಚಿಗೆ ಗೆರೆ ಹಾಕುವ ಓದು ಸಾಲದು.

ತಕ್ಕಡಿ ತಂದವರು ಅದರಲ್ಲಿ ತಾವೂ ಕೂರಬೇಕಾಗುತ್ತದೆ. ನಮ್ಮ ಅಧ್ಯಯನ ಶಿಬಿರಗಳಲ್ಲಿ ಮೂರು ದಿನ ಸಮಾನತೆಯ ಬಗ್ಗೆ ಚರ್ಚೆಯಾಗುತ್ತಿತ್ತು. ಚರ್ಚೆಯ ಮಧ್ಯೆ ಚಹಾ ಬರುತ್ತಿತ್ತು. ಲೋಟ ತೊಳೆಯುತ್ತಿದ್ದವರು ಯಾರು ಅಂತ ನಾನು ಬಹಳ ವರ್ಷ ನೋಡಲೇ ಇಲ್ಲ. ಒಂದು ಸಲ ಒಬ್ಬ ಹೆಣ್ಣುಮಗಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು 'ಅಣ್ಣ, ಅಂಬೇಡ್ಕರ್ ಭಾಷಣ ಶುರುವಾಗಿ ಅರ್ಧ ಆಗೋಯ್ತಾ' ಅಂತ ಕೇಳಿದಾಗ ಗೊತ್ತಾಯಿತು. ಅರ್ಧ ಭಾಷಣ. ನನಗೆ ಗೊತ್ತಾಗದಷ್ಟು ಸಣ್ಣದು, ಅವಳಿಗೆ ಪ್ರತಿ ಶಿಬಿರದಲ್ಲೂ ಅರ್ಧ. ಕೇರಿಯ ಒಳಗೆ ಎಡಗೈ ಬಲಗೈ ಮನೆಗಳ ನಡುವೆ ನೀರಿನ ಚೊಂಬು ದಾಟುವ ರೀತಿಯನ್ನು ಬಲ್ಲವರು ಬಲ್ಲರು. ನಾವು ಅದನ್ನು ಒಳಗಿನ ಸಂಗತಿ, ಹೊರಗೆ ಬೇಡ ಅನ್ನುತ್ತೇವೆ. ಊರಿನವರು ಆಡುವ ಮಾತೂ ಅದೇ.

ಹೋದ ವರ್ಷ ಊರಿಗೆ ಹೋದಾಗ ಅದೇ ಅಂಗಡಿಗೆ ಹೋದೆ. ಸಾವ್ಕಾರ್ರು ಇಲ್ಲ, ಮೊಮ್ಮಗ ಕೂತಿದ್ದಾನೆ. ಒಳ್ಳೆಯ ಹುಡುಗ, 'ಸಾರ್' ಅಂತ ಮಾತಾಡಿಸಿದ. ಗಲ್ಲಾಪೆಟ್ಟಿಗೆಯ ಪಕ್ಕ ಕರಿ ಬಿಳಿ ಚೌಕಗಳ ಚೀಟಿ ಅಂಟಿಸಿದ್ದಾನೆ. ಮೊಬೈಲು ಹಿಡಿದರೆ ದುಡ್ಡು ಹೋಗುತ್ತದೆ. ಚಿಲ್ಲರೆಯೇ ಇಲ್ಲ, ಕೈಗೆ ಕೈ ತಾಗುವ ಪ್ರಸಂಗವೇ ಇಲ್ಲ. ನಮ್ಮವ್ವ ಇದ್ದಿದ್ದರೆ ನೆಮ್ಮದಿ ಪಡುತ್ತಿದ್ದಳೋ ಏನೋ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೂ ಈಗ ಎರಡು ಲೋಟದ ತಕರಾರಿಲ್ಲ, ಕಾಗದದ ಕಪ್ಪು ಬಂದಿದೆ. ಕೆಲವರ ಮುಂದೆ ಸ್ಟೀಲು ಲೋಟವೂ ಕಂಡಿತು. ಅದು ಅವರೇ ಕೇಳಿ ಪಡೆದದ್ದೋ ಏನೋ ನನಗೆ ತಿಳಿಯದು.

ನಾನು ಒಂದು ಬಿಸ್ಕತ್ ಪೊಟ್ಟಣ ಕೇಳಿದೆ. ಹುಡುಗ ಅದನ್ನು ಗಾಜಿನ ಕಪಾಟಿನ ಮೇಲೆ ಇಟ್ಟ. ದುಡ್ಡು ಕಳಿಸಿದೆ, ಪೊಟ್ಟಣ ಎತ್ತಿಕೊಂಡೆ. ಆಮೇಲೆ ಎಲ್ಲರಿಗೂ ಹಾಗೇ ಗಾಜಿನ ಮೇಲೆ ಇಡುತ್ತಾನಾ, ಇಲ್ಲ ಕೈಗೆ ಕೊಡುತ್ತಾನಾ ಅಂತ ನೋಡೋಕೆ ಪಕ್ಕದ ಕಟ್ಟೆಯ ಮೇಲೆ ಹತ್ತು ನಿಮಿಷ ನಿಂತೆ. ಅಷ್ಟರಲ್ಲಿ ನನ್ನ ಬಸ್ಸು ಹೋಯಿತು.